ಸದ್ದಿಗೆ ಮಲಗಿದವನು

ನನ್ನ ತಮ್ಮನನ್ನು ಕೊಂದದ್ದು ಆನೆ. ಊರಿನವರು ಹಾಗೇ ಹೇಳುತ್ತಾರೆ, ನಾನೂ ತಲೆಯಾಡಿಸುತ್ತೇನೆ.

ಅಪ್ಪ ಬಾಳೂರಿನ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುತ್ತಿದ್ದ. ನಾನು ಹತ್ತನೇ ತರಗತಿಗೆ ಓದು ಬಿಟ್ಟು ಜೀಪು ಹಿಡಿದೆ. ತಮ್ಮ ಸಾಲ ಮಾಡಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ. ಕೆಲಸ ಸಿಗಲಿಲ್ಲ. ಕಂತು ನಿಂತ ಮೇಲೆ ವಸೂಲಿಯವನೊಬ್ಬ ಕಣಕ್ಕೇ ಬಂದು, ಕೊಯ್ಲಿನ ಹೆಂಗಸರ ಎದುರು ಅಪ್ಪನ ಕೊರಳಪಟ್ಟಿ ಹಿಡಿದ. ತಮ್ಮ ಅವನನ್ನು ಹಣ್ಣಿನ ರಾಶಿಗೆ ಕೆಡವಿ ಬಾಯಲ್ಲಿ ರಕ್ತ ಬರುವ ತನಕ ಗುದ್ದಿದ. ಬಿಡಿಸಲು ಹೋದ ನನಗೂ ಎರಡು ಬಿತ್ತು.

ಆ ವರ್ಷವೇ ಅವನು ಸೇನೆಯ ಭರ್ತಿಯಲ್ಲಿ ಓಡಿ ಗೆದ್ದ. ನಾಲ್ಕು ವರ್ಷದ ನೌಕರಿ. ಕೊನೆಯಲ್ಲಿ ಒಟ್ಟಿಗೆ ಬರುವ ದುಡ್ಡಿನಿಂದ ಓದಿನ ಸಾಲ ತೀರಿಸಿ, ಊರಲ್ಲೇ ಪಲ್ಪರ್ ರಿಪೇರಿಯ ಶೆಡ್ ಹಾಕುವುದೆಂದು ಹೇಳಿ ಹೋದ.

ರಜೆಗೆ ಬಂದಾಗ ತರಬೇತಿಯ ಕತೆ ಹೇಳುತ್ತಿದ್ದ. ಸಿಡಿತದ ಸದ್ದಾದ ಕೂಡಲೇ ಬೋರಲು ಬೀಳಬೇಕಂತೆ, ತಡಮಾಡಿದವನ ಪಕ್ಕೆಗೆ ಬೂಟಿನ ಒದೆಯಂತೆ. ಅಂಗಿ ಎತ್ತಿ ಕಲೆ ತೋರಿಸಿದ. ಅಮ್ಮ ಮುಟ್ಟಲು ಹೋದಾಗ ನಕ್ಕು ಸರಿದ.

"ಈಗ ಒದೆ ಬೀಳಲ್ಲ ಅಮ್ಮ. ಸದ್ದು ಮುಗಿಯೋದ್ರೊಳಗೆ ನಾ ನೆಲದಲ್ಲಿ ಇರ್ತೀನಿ."

ಕೊನೆಯ ವರ್ಷದ ರಜೆ ಕೊಯ್ಲಿನ ಹೊತ್ತಿಗೇ ಬಿತ್ತು. ಬೆಳಿಗ್ಗೆ ಆಳುಗಳನ್ನು ಬಿಡಲು ಹೊರಟ ನನ್ನ ಜೀಪಿಗೆ ಅವನೂ ಹತ್ತಿದ. ತೋಟದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಆಳುಗಳ ಮೇಸ್ತ್ರಿ ಮುಂದೆ ನಡೆದು, ಆನೆ ಇದೆಯೇ ಎಂದು ಕೂಗು ಹಾಕಿ ನೋಡಿ, ಏನೂ ಇಲ್ಲವೆಂದು ಕೈ ಬೀಸಿದ. ಹೆಂಗಸರು ಚೀಲ ಕಟ್ಟಿಕೊಳ್ಳುತ್ತಿದ್ದಾಗ ಹಾಲುವಾಣ ಮರದ ಹಿಂದಿನಿಂದ ಒಂಟಿ ಆನೆ ಹೊರಬಂತು.

ಇಳಿಜಾರಿಗೆ ಓಡಬೇಕು, ಹಿಂದಿರುವವರು ಗರ್ನಾಲು ಸಿಡಿಸಿ ಆನೆಯನ್ನು ಬೆದರಿಸಬೇಕು. ನಮ್ಮ ಕಡೆ ಮಕ್ಕಳಿಗೂ ಇದು ಗೊತ್ತು. ತಮ್ಮನೂ ಓಡಿದ. ಒಬ್ಬ ಮುದುಕಿಯನ್ನು ರಟ್ಟೆ ಹಿಡಿದು ಎಳೆದುಕೊಂಡೇ ಓಡಿದ. ಆನೆ ಅವರ ಬೆನ್ನಿಗೆ ಬಂದಾಗ ಮೇಸ್ತ್ರಿ ಗರ್ನಾಲು ಹಚ್ಚಿ ಎಸೆದ. ಸದ್ದು ಗುಡ್ಡಕ್ಕೆ ಬಡಿಯಿತು.

ತಮ್ಮ ಮುದುಕಿಯನ್ನು ಪಕ್ಕದ ಚರಂಡಿಗೆ ತಳ್ಳಿ, ದಾರಿಯ ಮಧ್ಯೆ ಬೋರಲು ಮಲಗಿದ. ಎರಡೂ ಕೈ ಕುತ್ತಿಗೆಯ ಮೇಲಿದ್ದವು.

ನಾನು "ಏಳೋ" ಎಂದು ಕೂಗಿದೆ. ಅವನು ತಲೆ ಎತ್ತಿದ, ಎಲ್ಲಿದ್ದೇನೆಂದು ಆಗ ಅವನಿಗೆ ತಿಳಿದಿರಬೇಕು. ಆನೆ ಬೆನ್ನಿನ ಮೇಲೆ ಕಾಲಿಟ್ಟಿತು. ಒಣ ಸೌದೆ ಮುರಿದಂತೆ ಕೇಳಿತು. ದಂತದಿಂದ ಎತ್ತಿ ಗಿಡಗಳ ಮೇಲೆ ಒಗೆದು, ಮತ್ತೆ ಬಂದು ತುಳಿಯಿತು. ಅದು ಕಾಡಿಗೆ ಹೋದ ಮೇಲೆ ನಾವು ಅವನನ್ನು ಟಾರ್ಪಾಲಿನಲ್ಲಿ ಒಟ್ಟುಮಾಡಿಕೊಂಡು ಜೀಪಿಗೆ ಹಾಕಿದೆವು. ಮುದುಕಿ ಬದುಕಿದಳು.

ಸುಡುವ ಜಾಗದಲ್ಲಿ ಮೇಸ್ತ್ರಿ ಎಲ್ಲರೆದುರು, ತಾನು ಗರ್ನಾಲು ಎಸೆಯದಿದ್ದರೆ ಹುಡುಗ ಓಡುತ್ತಿದ್ದ ಎಂದುಬಿಟ್ಟ. ಅಪ್ಪ ಚಿತೆಗೆ ತಂದ ಸೌದೆಯೊಂದನ್ನು ತೆಗೆದು ಅವನ ಮುಖಕ್ಕೆ ಬೀಸಿದ. ದವಡೆ ಒಡೆಯಿತು. ಬಿದ್ದವನ ಎದೆಗೂ ಎರಡು ಹಾಕಿದ. ಮೇಸ್ತ್ರಿ ಕೈ ಅಡ್ಡ ತರಲಿಲ್ಲ. ನಾಲ್ಕು ಜನ ಸೇರಿ ಅಪ್ಪನನ್ನು ಹಿಡಿದೆವು.

ಕೆಲವು ತಿಂಗಳಿಗೆ ಸೇನೆಯಿಂದ ದುಡ್ಡು ಬಂತು. ಅಪ್ಪ ಅದನ್ನು ಮುಟ್ಟಲೊಲ್ಲ. ವಸೂಲಿಯವರು ಮತ್ತೆ ಬಂದರೆ ತಾನೇ ಕಡಿಯುತ್ತೇನೆ ಎಂದು ಕತ್ತಿ ಮಸೆದಿಟ್ಟ. ಅಮ್ಮ ಕತ್ತಿ ತೆಗೆದು ಅಟ್ಟಕ್ಕೆ ಎಸೆದಳು.

"ಅವ್ನು ಮಿಲ್ಟ್ರಿಗೆ ಹೋಗಿದ್ದೇ ಅದಕ್ಕಲ್ವ? ಕಟ್ಟಿ ಬನ್ನಿ. ಅವ್ನ ಹೆಸ್ರಲ್ಲಿ ಸಾಲ ಇಡ್ಬೇಡಿ."

ಮೂಡಿಗೆರೆಗೆ ಹೋಗಿ ಕಟ್ಟಿದೆವು. ವಾಪಸ್ಸು ಬರುವಾಗ ಅಪ್ಪ ಎಸ್ಟೇಟ್ ಆಳುಗಳ ಸಾಲಿನಲ್ಲಿದ್ದ ಮೇಸ್ತ್ರಿಯ ಲೈನ್ ಮನೆ ಹತ್ತಿರ ಜೀಪು ನಿಲ್ಲಿಸಲು ಹೇಳಿದ. ಮೇಸ್ತ್ರಿ ಜಗಲಿಯಲ್ಲಿದ್ದ. ದವಡೆ ಒಂದು ಕಡೆಗೆ ವಾಲಿಯೇ ಕೂಡಿಕೊಂಡಿತ್ತು. ಅಪ್ಪನನ್ನು ಕಂಡು ಎದ್ದು ನಿಂತ.

"ಅವತ್ತು ಅರ್ಧಕ್ಕೆ ಬಿಟ್ರಿ ಅಣ್ಣ. ಹೊಡೀರಿ."

ಅಪ್ಪ ಕೈ ಎತ್ತಿದ. ನಾನು ಜೀಪಿನಿಂದ ಹಾರಿದೆ. ಅಪ್ಪ ಆ ಕೈಯನ್ನು ಕಂಬಕ್ಕೆ ಊರಿ ಹಾಗೇ ಜಗಲಿಗೆ ಕುಸಿದ.

"ಸಾಲ ಕಟ್ಟಿ ಬಂದೆ ಮಾರಾಯ," ಎಂದ. "ನಿಂಗೆ ಹೇಳ್ಬೇಕು ಅನ್ನಿಸ್ತು."

ಮೇಸ್ತ್ರಿ ಸ್ವಲ್ಪ ದೂರ ಬಿಟ್ಟು ಪಕ್ಕದಲ್ಲಿ ಕೂತ.