ರುದ್ರೇಶಪ್ಪನಿಗೆ ಸನ್ಮಾನ

ಗೆಳೆಯರೇ, ಇವತ್ತು ಹೊನ್ನಾಳಿಯಲ್ಲಿ ನಿವೃತ್ತ ಪ್ರಾಂಶುಪಾಲನಾದ ನನಗೆ ಸನ್ಮಾನವಿತ್ತು. ನಿರೂಪಕರು "ರುದ್ರೇಶಪ್ಪನವರು ಮುಂದೆ ಬರಬೇಕು" ಎಂದರು. ನಾನು ಎದ್ದು ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ, ಅಲ್ಲೇ ಮೈಕ್ ಸರಿಮಾಡುತ್ತಿದ್ದ ಇನ್ನೊಬ್ಬ ರುದ್ರೇಶಪ್ಪನಿಗೆ ಪರಊರಿನ ಅತಿಥಿಗಳು ಶಾಲು ಹೊದಿಸಿಯೇಬಿಟ್ಟರು. ಅವನು ನನ್ನ ಸಹಪಾಠಿ. ಈಗ ಸಂತೇಬೆನ್ನೂರಿನಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದಾನೆ. ಅವನಿಗೆ ಬಿದ್ದಷ್ಟು ಚಪ್ಪಾಳೆ ನನಗೆ ಇಡೀ ಸರ್ವೀಸಿನಲ್ಲಿ ಬಿದ್ದಿಲ್ಲ.

ಸಭೆ ಮುಗಿದ ಮೇಲೆ ಬಂದು ಶಾಲನ್ನು ನನ್ನ ಹೆಗಲಿಗೆ ಹಾಕಿದ. "ತಗಳಪ್ಪ, ಇದು ನಿಂದು."

"ಇರಲಿ, ನೀನೇ ಇಟ್ಕ" ಎಂದೆ, ಕುಳಿತಲ್ಲಿಂದಲೇ, ದೊಡ್ಡ ಮನಸ್ಸು ಮಾಡಿ.

"ಶಾಲು ನಂಗ್ಯಾಕೆ? ನೀನು ಮೊದ್ಲು ಎದ್ದೇಳು. ಆ ಕುರ್ಚಿ ನಂದು. ಜಗಳೂರಿಗೆ ಕಳಿಸಾಕೆ ಗಾಡಿ ಬಂದೈತೆ."

ಕೆಳಗಿನ ಫೋಟೋದಲ್ಲಿ ನಾನು ಶಾಲು ಹೊದ್ದು ನಿಂತಿರುವುದು ವಿನಯದಿಂದಲ್ಲ.