ಮಸಾಲೆ ಡಬ್ಬಿಯ ಗುಳಿಗೆಗಳು

ಆ ತಪ್ಪಿಗೆ ಬೆಲೆ ತೆತ್ತವರು ಇಬ್ಬರೇ: ನನ್ನ ದೊಡ್ಡವ್ವ ಪ್ರಾಣ ಕಳೆದುಕೊಂಡಳು, ಆಪಾ ತಮ್ಮ ಒಳ್ಳೆಯ ಹೆಸರು ಕಳೆದುಕೊಂಡರು. ದೊಡ್ಡವ್ವನಿದ್ದ ಬೀದರಿನ ವೃದ್ಧರ ಆರೈಕೆ ಮನೆಯನ್ನು ನಡೆಸುವವರಿಗೆ ಏನೂ ಆಗಲಿಲ್ಲ.

ಆಪಾ, ಅಂದರೆ ಅಕ್ಕ, ಎಂದು ಎಲ್ಲರೂ ಕರೆಯುತ್ತಿದ್ದ ಅವರು ಅಲ್ಲಿನ ಆಯಾ. ಜನವಾಡದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಗೋರಂಟಿಯಿಂದ ಕೆಂಪಾದ ಅಂಗೈ ಮೇಲೆ ಗುಳಿಗೆಯಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಕೊಡುವುದು ಅವರ ರೂಢಿ. ನುಂಗಿದ್ದು ಖಾತ್ರಿಯಾಗಲು ನಾಲಗೆ ಎತ್ತಿಸುತ್ತಿದ್ದರು.

“ನಮ್ಮ ಅತ್ತಿನೂ ನನಗ ಇಷ್ಟ ಅಂಜಿಸಿಲ್ಲ ಬಿಡವಾ,” ಎನ್ನುತ್ತಿದ್ದಳು ದೊಡ್ಡವ್ವ.

“ನಿಮ್ಮ ಅತ್ತಿ ಬಿ.ಪಿ. ಗೋಲಿ ಕೊಡ್ತಿದ್ದಳೇನ್ರಿ ಅಮ್ಮಾ? ಬಾಯಿ ತೆರೀರಿ!”

ಭಾಲ್ಕಿಯಿಂದ ನಾನು ಹೋಗುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ದಿನಗಳಲ್ಲಿ ದೊಡ್ಡವ್ವನೊಡನೆ ಮಾತಾಡುವವರು ಆಪಾ ಒಬ್ಬರೇ.

ಎಲ್ಲರ ಗುಳಿಗೆಗಳನ್ನೂ ಪೊಟ್ಟಣದಿಂದ ಬಿಡಿಸಿ ಅಡುಗೆಮನೆಯ ಒಂದು ಮಸಾಲೆ ಡಬ್ಬಿಯಲ್ಲಿಡಬೇಕೆಂಬುದು ವ್ಯವಸ್ಥಾಪಕರ ಆಜ್ಞೆ. ಏಳು ಬಟ್ಟಲು, ಏಳು ಮಂದಿ. ಯಾವುದರ ಮೇಲೂ ಹೆಸರಿಲ್ಲ. ಬಟ್ಟಲು ಕೂತ ಜಾಗವೇ ಗುರುತು. ಬೀಗವಿರುವ ಕಪಾಟು ಬೇಕೆಂದು ಆಪಾ ನನ್ನೆದುರೇ ಕೇಳಿದ್ದರು.

“ಇದೇನ್ ದವಾಖಾನಿ ಏನ್ರಿ? ಮನಿ ಇದ್ದಂಗ. ಮನ್ಯಾಗ ಗೋಲಿಗೆ ಯಾರ್ ಕೀಲಿ ಹಾಕ್ತಾರ?” ಎಂದು ವ್ಯವಸ್ಥಾಪಕರು ನಕ್ಕರು. ಹಕ್ಕುಗಳ ಬಗ್ಗೆ ಊರೂರು ಭಾಷಣ ಮಾಡುವ ನಾನು ಅಂದು ಸುಮ್ಮನಿದ್ದೆ.

ಆಪಾ ಮದುವೆಗೆಂದು ಔರಾದಿಗೆ ಹೋಗಿದ್ದ ದಿನ, ದಾನಿಗಳು ಬರುವರೆಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿಸಲಾಯಿತು. ಗುಳಿಗೆಯ ಬಟ್ಟಲುಗಳನ್ನು ಎತ್ತಿಟ್ಟು ತೊಳೆದ ಡಬ್ಬಿಯೂ ಹೊಳೆಯಿತು. ಮರಳಿ ಇಡುವಾಗ ಬಟ್ಟಲುಗಳು ಮಾತ್ರ ಅದಲುಬದಲಾಗಿ ಕೂತವು. ಅಂದು ಆಪಾ ಬದಲು ಗುಳಿಗೆ ಹಂಚಿದ ಅಡುಗೆಯವರು ದೊಡ್ಡವ್ವನಿಗೆ ಇನ್ನೊಬ್ಬರ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟರು. ರಕ್ತದ ಸಕ್ಕರೆ ಇಳಿದು ಎಚ್ಚರ ತಪ್ಪಿದವಳು ಮತ್ತೆ ಕಣ್ಣು ತೆರೆಯಲಿಲ್ಲ.

ಆಪಾರನ್ನು ತೆಗೆದುಹಾಕಿದ ಪತ್ರದಲ್ಲಿ ‘ಕರ್ತವ್ಯ ನಿರ್ಲಕ್ಷ್ಯ’ ಎಂದಿದೆ. ಅದನ್ನೋದಿದ ಯಾರೂ ಅವರಿಗೆ ಕೆಲಸ ಕೊಟ್ಟಿಲ್ಲ. ಮೊನ್ನೆ ಜನವಾಡಕ್ಕೆ ಹೋದಾಗ ಒಬ್ಬರೇ ಕೂತಿದ್ದರು.

“ಮಂದಿ ಬರೋದು ಬಿಟ್ಟಾರ್ರಿ. ನೀವರೆ ಬಂದ್ರಿ,” ಎಂದು ಚಹಾ ಕೊಟ್ಟರು. ಖಾಲಿ ಕಪ್ಪು ಎತ್ತಿಕೊಳ್ಳುತ್ತಾ ಕೇಳಿದರು: “ಅವತ್ತು ಅಮ್ಮಾ ನನ್ನ ಹೆಸರು ಹಿಡಿದು ಕರೆದರೇನ್ರಿ?”

ಕರೆದಳೋ ಇಲ್ಲವೋ. ನಾನೂ ಅಲ್ಲಿರಲಿಲ್ಲ.

ಆರೈಕೆ ಮನೆಯ ವ್ಯವಸ್ಥಾಪಕರೇ, ಈ ತಿಂಗಳೊಳಗೆ ಪ್ರತಿಯೊಬ್ಬರ ಔಷಧಿಯನ್ನೂ ಅದರದೇ ಪೊಟ್ಟಣದಲ್ಲಿ, ಹೆಸರು ಬರೆದು, ಬೀಗದ ಕಪಾಟಿನಲ್ಲಿಡಿ. ಆ ಪತ್ರವನ್ನು ಹಿಂಪಡೆಯಿರಿ. ಕಪಾಟು ಕೇಳಿದವರು ಆಪಾ, ನಿರಾಕರಿಸಿದವರು ನೀವು ಎಂದು ಹೊಸದಾಗಿ ಬರೆದು ಸಹಿ ಮಾಡಿ. ಅಂಚೆಯಲ್ಲಿ ಕಳಿಸಬೇಡಿ, ಜನವಾಡಕ್ಕೆ ನೀವೇ ಹೋಗಿ ಅವರ ಕೈಗೆ ಕೊಡಿ.