ಪೈಲ್ವಾನನನ್ನು ಹಿಡಿದ ಕುರ್ಚಿ

ತಿಕೋಟಾದ ಪೀರಾಂಬಿಗೂ ಅಳತೆಯ ಟೇಪಿಗೂ ಆಗಿಬರುವುದಿಲ್ಲ. ಬಿದಿರಿನ ಕುರ್ಚಿ ಮಾಡುವಾಗ ಆಕೆ ಗಂಡ ಹಸನಸಾಬನನ್ನು ಕರೆದು ಕುಳ್ಳಿರಿಸುತ್ತಾಳೆ, ಸೊಂಟದ ಎರಡೂ ಬದಿಗೆ ಒಂದೊಂದು ಬೆರಳು ಸಡಿಲ ಬಿಟ್ಟು ಕುರ್ಚಿಯ ಕೈಗಳಿಗೆ ಗುರುತು ಹಾಕುತ್ತಾಳೆ. ಟೇಪು ಕಳೆದುಹೋಗುತ್ತದೆ, ಗಂಡ ಊಟದ ಹೊತ್ತಿಗೆ ತಾನಾಗಿಯೇ ಬರುತ್ತಾನೆ ಎನ್ನುವುದು ಆಕೆಯ ಲೆಕ್ಕ.

ಹಸನಸಾಬ ಮೊದಲು ಗಾದಿ ತುಂಬುವ ಪಿಂಜಾರನಾಗಿದ್ದ. ಫೋಮಿನ ಗಾದಿ ಬಂದ ಮೇಲೆ ಹತ್ತಿ ಕೈಬಿಟ್ಟಿತು. ಆತ ಹೆಂಡತಿಯ ಕೆಲಸಕ್ಕೆ ಹತ್ತಿದ. ಆಳು ಎಷ್ಟು ತೆಳ್ಳಗೆಂದರೆ, ಖಾನಾಪುರದ ಕಡೆಯಿಂದ ಬಂದ ಬಿದಿರಿನ ನಡುವೆ ನಿಂತರೆ ಎಣಿಸುವವರಿಗೆ ಒಂದು ಗಳ ಹೆಚ್ಚು ಬರುತ್ತದೆ. ಹೀಗಾಗಿ ಪೀರಾಂಬಿಯ ಕುರ್ಚಿಗಳೆಲ್ಲ ಆ ಒಂದೇ ಸೊಂಟಕ್ಕೆ ಹೇಳಿ ಮಾಡಿಸಿದಂಥವು.

ಕಬ್ಬಿಣದ ಮೊಳೆ ಇಲ್ಲ, ಪ್ಲಾಸ್ಟಿಕ್ ಇಲ್ಲ. ಕೀಲಿಗೂ ಬಿದಿರಿನ ಬೆಣೆಯೇ. “ಸಾಗವಾನಿ ಕಡದ್ರ ಮುಂದಿನದು ಮೊಮ್ಮಕ್ಕಳು ನೋಡಬೇಕ್ರಿ. ಬಿದಿರು ಕಡದ್ರ ನಾವ ನೋಡ್ತೀವಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ತಲೆಯಾಡಿಸಿ, ಬುಟ್ಟಿ ಇದೆಯೇ ಎಂದು ಕೇಳಿ ಹೋಗುತ್ತಿದ್ದರು.

ಕೆಲಸ ನಡೆಯುವ ತಗಡಿನ ಶೆಡ್ಡು ಮಾತ್ರ ಹಸನಸಾಬನ ಅಣ್ಣ ದಾವಲಸಾಬನದು. ಒಣದ್ರಾಕ್ಷಿ ತುಂಬಿಡಲು ವ್ಯಾಪಾರಿಯೊಬ್ಬ ಅದನ್ನು ಕೇಳುತ್ತಿದ್ದ.

“ಈ ಸಲ ಬಬಲೇಶ್ವರ ಸಂತ್ಯಾಗ ಕುರ್ಚಿ ಹೋದ್ರ ಶೆಡ್ ನಿಂದು. ಇಲ್ಲಂದ್ರ ದ್ರಾಕ್ಷೀದು,” ಎಂದ ದಾವಲಸಾಬ.

ಸಂತೆಯ ದಿನ ಪೀರಾಂಬಿ ಟೆಂಪೋ ತುಂಬ ಕುರ್ಚಿ ತಂದು ಸಾಲಾಗಿ ಇಟ್ಟಳು. ಮಂದಿ ಬಂದು ಅಲ್ಲಾಡಿಸಿ ನೋಡಿದರು, ಬಡಿದು ನೋಡಿದರು, ಕುಳಿತು ಮಾತ್ರ ನೋಡಲಿಲ್ಲ. ದಾವಲಸಾಬ ಕೈ ಹಿಂದೆ ಕಟ್ಟಿಕೊಂಡು ತಿರುಗಾಡುತ್ತಿದ್ದ. ಆಗ ಬಂದವನು ಕಾಖಂಡಕಿಯ ಸಂಗಣ್ಣ ಪೈಲ್ವಾನ. ಕುಸ್ತಿ ಬಿಟ್ಟು ವರ್ಷಗಳಾಗಿದ್ದವು. ಊಟ ಮಾತ್ರ ಇನ್ನೂ ಅಖಾಡದಲ್ಲೇ ಇತ್ತು.

“ನಾ ಕುಂತ್ರ ಇದು ಮುರೀತೈತಿ ನೋಡ ಬೇ ಯಕ್ಕಾ.”

“ಮುರದ್ರ ಮುರೀಲಿ. ಕುಂಡರ್ರಿ ಪೈಲ್ವಾನ್ರ.”

ಸಂಗಣ್ಣ ಕುಳಿತ ಎನ್ನುವುದಕ್ಕಿಂತ ಕುರ್ಚಿಯೊಳಗೆ ಇಳಿದ ಎನ್ನಬೇಕು. ಕುರ್ಚಿ ಮುರಿಯಲಿಲ್ಲ. ನೋಡುತ್ತಿದ್ದವರಿಗೆ ನಿರಾಸೆಯಾಯಿತು. ಸಂಗಣ್ಣ ಎದ್ದ. ಕುರ್ಚಿಯೂ ಎದ್ದಿತು.

ಕುರ್ಚಿ ಬಿಡದವರನ್ನು ಈ ತಾಲೂಕು ಬೇಕಾದಷ್ಟು ಕಂಡಿದೆ. ಕುರ್ಚಿಯೇ ಬಿಡದವನನ್ನು ಕಂಡದ್ದು ಅಂದೇ ಮೊದಲು. ಇಬ್ಬರು ಕೈ ಹಿಡಿದು ಎಳೆದರು, ಇಬ್ಬರು ಕುರ್ಚಿಯ ಕಾಲು ಹಿಡಿದು ಎಳೆದರು. ಸಂಗಣ್ಣ ಉಸಿರು ಬಿಗಿಹಿಡಿದು ಹಳೆಯ ಪಟ್ಟುಗಳನ್ನೆಲ್ಲ ಹಾಕಿದ. ಬಿದಿರು ಕಿರ್ರೆನ್ನಲೂ ಇಲ್ಲ.

“ಕೊಡ್ಲಿ ತರ್ರಿ,” ಎಂದ ದಾವಲಸಾಬ, ಸ್ವಲ್ಪ ಹುರುಪಿನಿಂದಲೇ.

“ಕೊಡ್ಲಿ ಯಾಕ್ರಿ ಭಾವಾರ? ಬೆಣಿ ತಗದ್ರ ಕುರ್ಚಿ ಕೈ ಬಿಚ್ಚತೈತಿ,” ಎಂದು ಪೀರಾಂಬಿ ಮರದ ಕೊಡತಿಯಿಂದ ಬೆಣೆಗೆ ಬಡಿದಳು. ಬೆಣೆ ಅಲ್ಲಾಡಲಿಲ್ಲ. ದಾರಿಯ ಧೂಳು ಹೋಗಲಿ ಎಂದು ಬೆಳಿಗ್ಗೆ ಆಕೆ ಕುರ್ಚಿಗಳ ಮೇಲೆ ಧಾರಾಳವಾಗಿ ನೀರು ಸುರಿದಿದ್ದಳು. ಬೆಣೆ ನೀರು ಕುಡಿದು ಉಬ್ಬಿ ಕುಳಿತಿತ್ತು.

“ಒಣಗೂ ಮಟ ಕುಂಡ್ರಬೇಕ್ರಿ.”

“ಎಷ್ಟೊತ್ತ ಬೇ?”

“ಬಿಸಲಿಗೆ ಕೇಳ್ರಿ.”

ಸಂಗಣ್ಣನನ್ನು ಕುರ್ಚಿ ಸಮೇತ ಬಿಸಿಲಿಗೆ ಸರಿಸಿದರು. ತಲೆಯ ಮೇಲೆ ಟವೆಲ್ಲು. ಪಕ್ಕದ ಚಹಾದ ಅಂಗಡಿಯ ರಾಧಾಬಾಯಿ ಬಂದು ಕೈಗೆ ಕಪ್ಪು ಕೊಟ್ಟಳು. ಸಂತೆಯ ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಜೋರು. ಉಳ್ಳಾಗಡ್ಡಿ ಕೊಳ್ಳಲು ಬಂದವರೂ ಚೀಲ ಹಿಡಿದು ಇತ್ತ ಬಂದರು.

“ಪೈಲ್ವಾನ್ರ, ಯಾವ ಪಟ್ಟು ಹಾಕೈತಿ ನಿಮಗ?”

“ನಗಬ್ಯಾಡ್ರಲೇ. ಕುಂಡಿಗೆ ತ್ರಾಸ ಐತಿ, ಬೆನ್ನಿಗೆ ಮಾತ್ರ ಭಾಳ ಆರಾಮ ಐತಿ.”

ಬೆಣೆ ಒಣಗುವುದನ್ನು ನಿಂತು ನೋಡುವುದು ಕಾಲಿಗೆ ಕಷ್ಟ. ಒಬ್ಬ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತ. ಅವನನ್ನು ನೋಡಿ ಇನ್ನೊಬ್ಬ. ಸಣಕಲರು ಹಿಂದಕ್ಕೆ ಒರಗಿದರು. ಮೈ ಇದ್ದವರು ಬುದ್ಧಿ ಕಲಿತು ತುದಿಗೆ ಕುಳಿತರು. ದಾವಲಸಾಬನೂ ಒಂದರಲ್ಲಿ ಕುಳಿತು ಚಹಾ ಹೇಳಿದ.

ಹಸನಸಾಬ ಗಾಬರಿಯಾದ. “ಏಳ್ರಿ, ಮಾರೂ ಕುರ್ಚಿ ಅದಾವ,” ಎನ್ನಲು ಬಾಯಿ ತೆರೆದ. ಪೀರಾಂಬಿ ಆತನ ರಟ್ಟೆ ಚಿವುಟಿದಳು.

“ಸುಮ್ಕಿರ್ರಿ. ಕುಂಡರ್ಲಿ.”

ಬಿಸಿಲು ನೆತ್ತಿಗೆ ಬಂದಾಗ ಕೊಡತಿಯ ಏಟಿಗೆ ಬೆಣೆ ಟಪ್ಪೆಂದು ಹಾರಿತು. ಕುರ್ಚಿಯ ಕೈ ಕಳಚಿತು, ಪೈಲ್ವಾನ ಹೊರಬಿದ್ದ. ಚಪ್ಪಾಳೆ ಬಿತ್ತು. ಆತ ರೂಢಿಯಂತೆ ಕೈ ಮೇಲೆತ್ತಿದ, ಸೋತವನು ತಾನೆಂಬುದು ಆಮೇಲೆ ನೆನಪಾಯಿತು.

“ಮನಿಗೊಂದು ಮಾಡಿಕೊಡ ಯಕ್ಕಾ, ಎರಡೂ ಕೈ ಇಲ್ಲದ್ದು.”

ಆಟ ಮುಗಿದಿತ್ತು, ಆದರೆ ಯಾರೂ ಏಳಲಿಲ್ಲ. ಎದ್ದರೆ ಹಿಂದಿನವ ಕುಳಿತಾನೆಂಬ ಹೆದರಿಕೆ. “ನಾ ಕುಂತದ್ದು ನಂದು,” ಎಂದು ಒಬ್ಬ ಕುಳಿತಲ್ಲಿಂದಲೇ ರೇಟು ಕೇಳಿದ. ಆಮೇಲೆ ಎಲ್ಲರೂ ಕೇಳಿದರು. ಪೀರಾಂಬಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು.

ಅಷ್ಟರಲ್ಲಿ ದಾವಲಸಾಬನ ಫೋನು ರಿಂಗಾಯಿತು. ದ್ರಾಕ್ಷಿಯ ವ್ಯಾಪಾರಿ. “ಹೇಳ್ರಿ ಸಾವ್ಕಾರ್ರ,” ಎಂದು ಆತ ಕಾಲು ಚಾಚಿ ಹಿಂದಕ್ಕೆ ಒರಗುತ್ತಿದ್ದಂತೆ ಪೀರಾಂಬಿ ಎದುರಿಗೆ ಬಂದು ನಿಂತಳು.

“ಭಾವಾರ, ಏಳ್ರಿ. ಅದೂ ಹೋತು. ರಾಧಾಬಾಯಾರು ಒಯ್ಯಾಕ ನಿಂತಾರ.”

ದಾವಲಸಾಬ ಕುರ್ಚಿಯ ಕೈಗಳನ್ನು ಒಮ್ಮೆ ಸವರಿದ. ಫೋನು ಕಿವಿಯಲ್ಲಿಟ್ಟುಕೊಂಡೇ ನಿಧಾನವಾಗಿ ಎದ್ದ.

“ಶೆಡ್ ಖಾಲಿ ಇಲ್ರಿ ಸಾವ್ಕಾರ್ರ,” ಎಂದ.